ಮೆಲ್ಲಗೆ ಮಾತಾಡುವ ಮನುಷ್ಯ

ನಾನಾಗ ಮಂಡ್ಯದ ಮಿಡಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ನಾಲೆಯ ನೀರು ಬಂದು ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾಗಿದ್ದವು. ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡತೊಡಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಊರಿಗೆ ಹೊಸಬರು ಬರುತ್ತಲೇ ಇದ್ದರು: ಕಾರ್ಖಾನೆಯ ಕೆಮಿಸ್ಟರು, ನೀರಾವರಿಯ ಓವರ್‌ಸಿಯರುಗಳು, ಕೋರ್ಟಿನ ಗುಮಾಸ್ತರು. ಭಾನುವಾರ ಮಧ್ಯಾಹ್ನ ಏನು ಮಾಡಬೇಕೆಂದು ಇವರಲ್ಲಿ ಯಾರಿಗೂ ತೋಚುತ್ತಿರಲಿಲ್ಲ. ಹಾಗೆ ತೋಚದವರನ್ನೆಲ್ಲ ಒಬ್ಬ ವಕೀಲರು ತಮ್ಮ ಮನೆಯ ಹಜಾರದಲ್ಲಿ ಸೇರಿಸಿ ನಾಟಕದ ತಂಡವೊಂದನ್ನು ಕಟ್ಟಿದರು.

ವಕೀಲರು ಮೈಸೂರಿನಲ್ಲಿ ಓದಿದವರು. ಕಿರೀಟ, ಗದೆ, ಕಂದಪದ್ಯ ಯಾವುದೂ ಇಲ್ಲದ ನಾಟಕ ಬೇಕೆಂಬ ಹಠ ಅವರದು. ಅಂಥದ್ದೊಂದನ್ನು ತಾವೇ ಬರೆದಿದ್ದರು. ಅದರಲ್ಲಿ ಒಂದು ಹಾಡೂ ಇರಲಿಲ್ಲ. ನಾಲ್ಕು ಗಂಟೆಗೆ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿದುಬಿಡುತ್ತಿತ್ತು. ಬೆಳಗಿನವರೆಗೆ ಕಂಪನಿ ನಾಟಕ ನೋಡಿ ಅಭ್ಯಾಸವಾದ ಜನ, ಇದೇನು ಸ್ವಾಮಿ, ಊಟದ ಹೊತ್ತಿಗೇ ಮುಗಿಯೋ ನಾಟಕ ಎಂದು ನಗುತ್ತಿದ್ದರು. ಸಂಸಾರದಲ್ಲಿ ನಡೆಯುವ ಅನ್ಯಾಯವೆಲ್ಲ ಹಗಲು ಹೊತ್ತಿನಲ್ಲೇ ನಡೆಯುತ್ತದೆ, ಹಗಲಲ್ಲೇ ತೋರಿಸೋಣ ಎಂದು ವಕೀಲರು ಉತ್ತರ ಕೊಡುತ್ತಿದ್ದರು.

ಕಥೆ ಸಣ್ಣದು. ಗಂಡ ತೀರಿಹೋದ ಒಬ್ಬ ಹೆಂಗಸು, ಅವಳ ಪುಟ್ಟ ಮಗ, ಗಂಡನ ಅಣ್ಣ. ಮಗುವನ್ನು ತನ್ನ ಊರಿಗೆ ಕರೆದುಕೊಂಡು ಹೋಗಿ, ಮನೆಗೆ ಬೀಗ ಹಾಕಿ, ಅವಳನ್ನು ತವರಿಗೆ ಅಟ್ಟಿಬಿಡಬೇಕೆಂದು ಆ ಅಣ್ಣ ಬರುತ್ತಾನೆ. ಎರಡನೆಯ ಅಂಕವೆಲ್ಲ ಅವನು ಅವಳೊಡನೆ ಆಡುವ ಮಾತೇ. ಕೊನೆಗೆ ಅವಳು ಅವನ ಕಾಲಿಗೆ ಬಿದ್ದು ಅಳುತ್ತಾಳೆ, ಪರದೆ ಬೀಳುತ್ತದೆ. ಮೂರನೆಯ ಅಂಕದಲ್ಲಿ ಅವಳ ಓದಿದ ತಮ್ಮನೊಬ್ಬ ಬಂದು ಅವಳನ್ನು ಕಾಪಾಡುತ್ತಾನೆ.

ಆ ಅಣ್ಣನ ಪಾತ್ರ ನನ್ನ ಪಾಲಿಗೆ ಬಂತು. ನನ್ನಂಥ ಸಾಧುವಿಗೆ ಯಾಕೆ ಎಂದು ಕೇಳಿದೆ. ನಿಮ್ಮನ್ನು ಕಂಡರೆ ನಿಮ್ಮ ಕ್ಲಾಸಿನ ಹುಡುಗರೂ ಹೆದರುವುದಿಲ್ಲವಲ್ಲ, ಅದಕ್ಕೇ ಎಂದರು ವಕೀಲರು.

ಹೆಂಗಸಿನ ಪಾತ್ರಕ್ಕೆ ಹೆಂಗಸರು ಬರುವ ಕಾಲವಲ್ಲ ಅದು. ರೈಲ್ವೆ ಸ್ಟೇಷನ್ನಿನ ಹಾದಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಒಬ್ಬ ಸಾಬರು ಅದನ್ನು ಒಪ್ಪಿಕೊಂಡರು. ನನ್ನದೇ ವಯಸ್ಸು, ಎಳೆ ಮುಖ, ತಿಳಿಯಾದ ಕಂಠ. ಪಾತ್ರಕ್ಕಾಗಿ ಮೀಸೆ ಬೋಳಿಸಿದಾಗ ಅವರ ತಾಯಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಅವರು ಬಿಳಿ ಸೀರೆಯುಟ್ಟು, ಸೆರಗನ್ನು ತಲೆ ತುಂಬ ಹೊದ್ದು, ಬಾಗಿಲ ಚೌಕಟ್ಟಿಗೆ ಒಂದು ಕೈ ಆನಿಸಿ ನಿಂತರೆ ನಮ್ಮೆಲ್ಲರ ಅಕ್ಕತಂಗಿಯರ ನೆನಪಾಗುತ್ತಿತ್ತು.

ಮೊದಮೊದಲು ನಾನು ಕೆಟ್ಟದಾಗಿ ಮಾಡಿದೆ. ಖಳನೆಂದರೆ ನಾನು ಕಂಡಿದ್ದು ಕಂಪನಿಗಳ ಖಳರನ್ನು. ತೊಡೆ ತಟ್ಟಿದೆ, ಹುಬ್ಬು ಏರಿಸಿದೆ, ಹಜಾರದ ತೊಲೆ ನಡುಗುವ ಹಾಗೆ ಗರ್ಜಿಸಿದೆ. ಸಾಬರು ಸೆರಗಿನೊಳಗೆ ನಗು ತಡೆದುಕೊಳ್ಳಲಾರದೆ ಒದ್ದಾಡಿದರು. ವಕೀಲರು ಬೇಸರದಿಂದ, "ಅಷ್ಟು ಕೂಗೋ ಮನುಷ್ಯನಿಗೆ ಯಾರು ಹೆದರ್ತಾರಪ್ಪ? ಅಕ್ಕಪಕ್ಕದ ಮನೆಯವರು ಬಂದು ಬಿಡಿಸ್ತಾರೆ, ಮುಗೀತು," ಎಂದರು.

ಒಂದು ಭಾನುವಾರ ಹಜಾರದ ಮೂಲೆಯಲ್ಲಿ ವಕೀಲರ ತಾಯಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಒಳಗಿನಿಂದ ಯಾರೋ ಕರೆದರೆಂದು ಅಡಕತ್ತರಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು. ನನ್ನ ಸರದಿ ಬಂದಾಗ ಸುಮ್ಮನೆ ಅದನ್ನು ಕೈಗೆತ್ತಿಕೊಂಡೆ. ಒಂದು ಅಡಿಕೆ ಇಟ್ಟು ಕತ್ತರಿಸಿದೆ. ಕಟಕ್ ಎಂದಿತು. ಆಮೇಲೆ ನನ್ನ ದನಿ ತಾನಾಗಿಯೇ ಇಳಿಯಿತು. ಪಾತ್ರದ ಮಾತನ್ನು ಅಡಿಕೆಗೆ ಹೇಳುವವನಂತೆ ಹೇಳಿದೆ.

"ನಾನೇನು ಬಲವಂತ ಮಾಡೋಲ್ಲಮ್ಮ. ನಿನಗೆ ತಿಳಿದ ಹಾಗೆ ಮಾಡು. ಹಿತ್ತಲ ಬಾವಿಗೆ ಇನ್ನೂ ಕಟ್ಟೆ ಕಟ್ಟಿಸಿಲ್ಲವಲ್ಲ? ಮಗು ಓಡಾಡೋ ಮನೆ."

ಮತ್ತೆ ಕಟಕ್. ತಲೆಯೆತ್ತಿ ನೋಡಿದೆ. ಸಾಬರು ತಮ್ಮ ಮಾತು ಹೇಳಬೇಕಿತ್ತು, ಹೇಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದ ಕೈ ಬಿಗಿದಿತ್ತು. ಕಾರ್ಖಾನೆಯ ಕೆಮಿಸ್ಟರು ಕಾಫಿ ಲೋಟವನ್ನು ಬಾಯಿಯ ಹತ್ತಿರ ಹಾಗೆಯೇ ಹಿಡಿದುಕೊಂಡಿದ್ದರು.

"ಅಂಗ್ ನೋಡ್ಬೇಡಿ ಮೇಷ್ಟ್ರೇ," ಎಂದರು ಸಾಬರು ಕೊನೆಗೆ. "ನೀವು ಅಂಗ್ ನೋಡುದ್ರೆ ನಂಗೆ ಮಾತೇ ಮರ್ತೋಯ್ತದೆ."

ಎಲ್ಲರೂ ನಕ್ಕರು, ಬೆನ್ನು ತಟ್ಟಿದರು. ಆ ಸಂಜೆ ರೂಮಿಗೆ ನಡೆದು ಹೋಗುವಾಗ ಆ ದನಿ ಯಾರದೆಂದು ನನಗೆ ಹೊಳೆಯಿತು. ಅದು ನನ್ನ ದೊಡ್ಡಪ್ಪನ ದನಿ.

ನಮ್ಮೂರು ವೈದ್ಯನಾಥಪುರ, ಮದ್ದೂರಿಗೆ ಹತ್ತಿರ, ಶಿಂಷಾ ಹೊಳೆಯ ದಂಡೆಯಲ್ಲಿ. ಅಪ್ಪ ಅಲ್ಲಿ ಐಗಳ ಮಠದಲ್ಲಿ ಹುಡುಗರಿಗೆ ಅಕ್ಷರ ಕಲಿಸುವ ಮೇಷ್ಟರು. ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಅವರ ಅಣ್ಣ ಮಳವಳ್ಳಿಯಲ್ಲಿದ್ದರು. ಅಪ್ಪನ ಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ದೊಡ್ಡಪ್ಪ ಬಂದು ನಡುಮನೆಯಲ್ಲಿ ಕೂತು ಬಹಳ ಹೊತ್ತು ಅಮ್ಮನೊಡನೆ ಮಾತಾಡಿದ್ದು ನನಗೆ ನೆನಪಿದೆ. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ. ನಾನು ಅವಳ ಸೆರಗು ಹಿಡಿದುಕೊಂಡು. ದೊಡ್ಡಪ್ಪ ಏನು ಹೇಳಿದರೆಂಬುದು ನನಗೆ ತಿಳಿಯಲಿಲ್ಲ. ಬಹಳ ಮೆತ್ತಗೆ ಹೇಳಿದರು, ನಡುವೆ ಅಡಿಕೆ ಕತ್ತರಿಸುತ್ತಿದ್ದರು, ಅಮ್ಮನ ಕೈ ತಣ್ಣಗಾಗಿತ್ತು, ಅಷ್ಟೇ ಗೊತ್ತು. ಆಮೇಲೆ ನಾವು ಅದೇ ಮನೆಯಲ್ಲೇ ಉಳಿದೆವು. ಅಮ್ಮ ಆ ದಿನದ ಮಾತನ್ನು ಎಂದೂ ಎತ್ತಲಿಲ್ಲ. ನಾನೂ ಕೇಳಿರಲಿಲ್ಲ. ದೊಡ್ಡಪ್ಪ ಹಬ್ಬಹುಣ್ಣಿಮೆಗೆ ಸಿಕ್ಕಾಗ ನನ್ನನ್ನು ಮರಿ ಎಂದು ಕರೆದು ತಲೆ ಸವರುತ್ತಿದ್ದರು.

ಮಂಡ್ಯದಲ್ಲಿ ನಾಟಕ ಚೆನ್ನಾಗಿ ಆಯಿತು. ಹೊಳಲು, ದುದ್ದದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಮಾರನೆಯ ದಿನ ಕ್ಲಾಸಿಗೆ ಹೋದರೆ ಹುಡುಗರೆಲ್ಲ ಎಂದೂ ಇಲ್ಲದಷ್ಟು ಸದ್ದಿಲ್ಲದೆ ಕೂತಿದ್ದರು. ಒಂದು ವಾರ ಸುಖವಾಗಿ ಪಾಠ ಮಾಡಿದೆ. ಆಮೇಲೆ ಮದ್ದೂರಿನಿಂದ ಕರೆ ಬಂತು. ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಆಡಬೇಕೆಂದರು.

ಮದ್ದೂರಿನಲ್ಲಿ ಆಡಿದರೆ ಅಮ್ಮ ಬರುವಳೆಂದು ನನಗೆ ಗೊತ್ತಿತ್ತು. ಮಗ ವೇಷ ಕಟ್ಟುತ್ತಾನೆಂದು ಯಾರೋ ಹೇಳಿದ್ದನ್ನು ಕೇಳಿ ಅವಳು ಆಗಲೇ ಅಕ್ಕಪಕ್ಕದವರನ್ನೆಲ್ಲ ಹೊರಡಿಸಿದ್ದಳು. ಬೇಡವೆನ್ನಲು ಏನು ಕಾರಣ ಹೇಳಲಿ? ಒಂದು ಸಲ ದನಿ ಬದಲಿಸಿ ಆಡಿಬಿಡೋಣ ಎಂದುಕೊಂಡೆ. ಆದರೆ ರಂಗದ ಮೇಲೆ ಕೂತು ಅಡಕತ್ತರಿ ಕೈಗೆ ಬಂದ ಕೂಡಲೇ ಬೇರೆ ದನಿ ಬರಲೇ ಇಲ್ಲ.

ಛತ್ರದ ಎಡಗಡೆ ಹಗ್ಗ ಕಟ್ಟಿ ಹೆಂಗಸರಿಗೆ ಜಾಗ ಮಾಡಿದ್ದರು. ಕಂಬದ ಪಕ್ಕದಲ್ಲಿ ಅಮ್ಮ. ಪಶ್ಚಿಮದ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಮೊದಲ ಅಡಿಕೆ ಕತ್ತರಿಸಿದಾಗ ಅವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಬಾವಿಯ ಮಾತು ಬಂದಾಗ ಅಕ್ಕಪಕ್ಕದ ಹೆಂಗಸರು ಲೊಚಗುಟ್ಟಿದರು. ಅಮ್ಮ ಅಲ್ಲಾಡಲಿಲ್ಲ. ನೆಟ್ಟ ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದಳು. ಸಾಬರು ಬಂದು ನನ್ನ ಕಾಲಿಗೆ ಬಿದ್ದಾಗ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿದಳು.

ನಾಟಕ ಮುಗಿದ ಮೇಲೆ ಅವಳೊಡನೆ ಗಾಡಿಯಲ್ಲೇ ಊರಿಗೆ ಹೊರಟೆ. ಇನ್ನೂ ಬೆಳಕಿತ್ತು. ಗಾಡಿಯ ತುಂಬ ನೆರೆಹೊರೆಯ ಹೆಂಗಸರು, ಯಾರೂ ನನ್ನೊಡನೆ ಸರಿಯಾಗಿ ಮಾತಾಡಲೊಲ್ಲರು. ಗಾಡಿ ಹೊಡೆಯುತ್ತಿದ್ದ ನಮ್ಮೂರ ರೈತ ತಡೆಯಲಾರದೆ ತಿರುಗಿ ಕೇಳಿಯೇಬಿಟ್ಟ.

"ಅಲ್ಲಾ ಮೇಷ್ಟ್ರೇ, ಆ ಎಣ್ಮಗೀಗೆ ಅಂಗೆಲ್ಲಾ ಅಂದ್ಬುಟ್ರಲ್ಲ, ನಿಮ್ಗೆ ಬಾಯಾದ್ರೂ ಎಂಗ್ ಬಂತು?"

"ನಾಟಕ ಕಣಪ್ಪ ಅದು," ಎಂದು ಅಮ್ಮನೇ ಉತ್ತರ ಕೊಟ್ಟಳು. ಮತ್ತೆ ಹೊಳೆ ದಾಟಿ ಮನೆ ಸೇರುವವರೆಗೂ ಅವಳು ತುಟಿ ತೆರೆಯಲಿಲ್ಲ. ಮನೆಯಲ್ಲಿ ಊಟಕ್ಕೆ ಬಡಿಸಿದಳು, ಮಜ್ಜಿಗೆ ಹಾಕಲೇ ಎಂದು ಕೇಳಿದಳು.

ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಹಲ್ಲುಜ್ಜಿ ಬಂದು ನಾನೂ ಪಕ್ಕದಲ್ಲಿ ಕೂತೆ. ಮೊರದಿಂದ ಕಣ್ಣೆತ್ತದೆಯೇ ಅವಳು ಕೇಳಿದಳು.

"ಅಷ್ಟು ಚಿಕ್ಕವನು, ಅದೆಲ್ಲ ನಿನಗೆ ನೆನಪಿತ್ತೇನೋ?"

ದನಿ ಮಾತ್ರ ನೆನಪಿತ್ತು, ಮಾತು ನೆನಪಿಲ್ಲ ಎಂದೆ. ಬಾವಿಯ ಮಾತು ವಕೀಲರು ಬರೆದದ್ದೆಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಕ್ಕಿ ಕೇರಿದಳು. ನಿಮ್ಮ ದೊಡ್ಡಪ್ಪ ಬಾವಿ ಅನ್ನಲಿಲ್ಲ, ಹೊಳೆ ಅಂದರು ಎಂದಳು. ಹೊಳೆ ಹತ್ತಿರದ ಮನೆ, ಹುಡುಗನ ಮೇಲೆ ಯಾರು ಕಣ್ಣಿಟ್ಟಿರ್ತಾರೆ ಅಂದರಂತೆ. ಗಂಡಸಿಲ್ಲದ ಮನೆಗೆ ಊರು ಏನು ಹೆಸರಿಡುತ್ತದೋ, ಅದನ್ನು ತಡೆಯಲು ತಮ್ಮಿಂದಾಗದು ಎಂದೂ ಅಂದರಂತೆ. ಎಲ್ಲವನ್ನೂ ನಗುನಗುತ್ತ, ಅಮ್ಮಾ ತಾಯಿ ಎನ್ನುತ್ತ.

"ನೀನೇನು ಮಾಡಿದೆ? ಅತ್ತೆಯಾ?"

"ಅಳೋಕೆ ಬರ್ತಿತ್ತು," ಎಂದಳು. "ಅತ್ತಿದ್ರೆ ಅವರು ಸಮಾಧಾನ ಮಾಡೋರು. ಸಮಾಧಾನ ಮಾಡ್ತಾ ಮಾಡ್ತಾನೇ ನಿನ್ನ ಕೈ ಹಿಡ್ಕೊಂಡು ಹೊರಟುಬಿಡೋರು. ಅದಕ್ಕೆ ಅಳಲಿಲ್ಲ. ಎಲೆ ಹಾಕ್ದೆ."

ನನಗೆ ಅರ್ಥವಾಗಲಿಲ್ಲ. ಅವಳು ಮೊರ ಕೆಳಗಿಟ್ಟು, ಆ ದಿನ ಆಡಿದ ಮಾತನ್ನು ನನ್ನ ಮುಂದೆ ಮತ್ತೆ ಆಡಿದಳು. ದನಿಯಲ್ಲಿ ಏನೂ ಇರಲಿಲ್ಲ, ಪಕ್ಕದ ಮನೆಯವರಿಗೆ ಹೆಪ್ಪು ಕೇಳುವಷ್ಟೇ ಸಹಜವಾಗಿತ್ತು.

"ಭಾವ, ಎಲೆ ಹಾಕಿದೀನಿ. ಊಟ ಮಾಡಿ. ಊಟ ಆದ ಮೇಲೆ ಜಗಲಿ ಮೇಲೆ ಕೂತ್ಕೊಂಡು ಇದೇ ಮಾತನ್ನ ಇನ್ನೊಂದು ಸಲ ಹೇಳಿ. ಬೀದಿಯವರಿಗೂ ಕೇಳೋ ಹಾಗೆ ಹೇಳಿ. ಅವರೂ ಸರಿ ಅಂದ್ರೆ ಮಗೂನ ಕಳಿಸ್ತೀನಿ."

ದೊಡ್ಡಪ್ಪ ಊಟ ಮಾಡಿದರು. ಎರಡು ಸಲ ಹುಳಿ ಹಾಕಿಸಿಕೊಂಡರು. ಕೈ ತೊಳೆದು, ವಸ್ತ್ರ ಹೊದ್ದು, ಬಿಸಿಲು ಇಳಿಯುವ ಮೊದಲೇ ಹೊರಟುಹೋದರು. ಜಗಲಿಯ ಮೇಲೆ ಕೂರಲೇ ಇಲ್ಲ. ಆ ಮಾತು ಮತ್ತೆಂದೂ ಬರಲಿಲ್ಲ.

"ಆಮೇಲೆ ಅತ್ತೆ," ಎಂದಳು ಅಮ್ಮ. "ಅವರ ಎಲೆ ಎತ್ತಿ ಹಾಕೋವಾಗ."

ಮಂಡ್ಯಕ್ಕೆ ಬಂದ ದಿನವೇ ವಕೀಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಮೊದಲು ಬಹಳ ಮೆಚ್ಚಿದರು. ಈ ಮಾತನ್ನು ಎರಡನೆಯ ಅಂಕದ ಕೊನೆಗೆ ಹಾಕೋಣ ಎಂದು ನಾನು ಹೇಳಿದಾಗ ಅವರ ಮುಖ ಚಿಕ್ಕದಾಯಿತು. ಅವಳೇ ತನ್ನನ್ನು ಕಾಪಾಡಿಕೊಂಡರೆ ನನ್ನ ಮೂರನೆಯ ಅಂಕದ ಗತಿ ಏನ್ರಿ, ಆ ತಮ್ಮ ಯಾತಕ್ಕೆ ಬರಬೇಕು ಎಂದರು. ತಮ್ಮನ ಪಾತ್ರ ಮಾಡುತ್ತಿದ್ದ ಕೆಮಿಸ್ಟರಿಗೂ ಇದು ಹಿಡಿಸಲಿಲ್ಲ. ಅವರು ಆ ಪಾತ್ರಕ್ಕೆಂದೇ ಹೊಸ ಕೋಟು ಹೊಲಿಸಿದ್ದರು. ವಾದ ಎರಡು ಭಾನುವಾರ ನಡೆಯಿತು. ಕೊನೆಗೆ ತೀರ್ಮಾನ ಮಾಡಿದವರು ಸಾಬರು. ಕಾಲಿಗೆ ಬಿದ್ದು ಬಿದ್ದು ನನ್ನ ಮಂಡಿ ಕಿತ್ತೋಯ್ತು, ಮಳವಳ್ಳೀಲಿ ಬೀಳಾಕಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟರು.

ಹೌದು, ಮುಂದಿನ ಊರು ಮಳವಳ್ಳಿ. ದೊಡ್ಡಪ್ಪ ಅಲ್ಲಿ ದೊಡ್ಡ ಮನುಷ್ಯರು, ಮುಂದಿನ ಸಾಲಿನಲ್ಲೇ ಕೂರುವವರು. ಅವರ ಮುಂದೆ ಅವರದೇ ದನಿಯಲ್ಲಿ ಮಾತಾಡುವುದು ಹೇಗೆ ಎಂದು ನನಗೆ ನಿದ್ದೆ ಬರದಂತಾಯಿತು. ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. "ಮಾಡು," ಎಂದಳು ಅವಳು. "ಅವರದ್ದನ್ನ ಅವರಿಗೇ ಕೊಡೋದಕ್ಕೆ ಭಯ ಯಾಕೆ?"

ಮದ್ದೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋದೆವು. ಪರದೆ, ಬಾಗಿಲ ಚೌಕಟ್ಟು ಎಲ್ಲ ಬಸ್ಸಿನ ತಲೆಯ ಮೇಲೆ. ದಾರಿಯುದ್ದಕ್ಕೂ ಸಾಬರು ಹಾಡಿದರು, ಏರು ಬಂದ ಕಡೆಯೆಲ್ಲ ಇಳಿದು ಬಸ್ಸು ತಳ್ಳಿದೆವು. ಧೂಳು ತಿಂದ ಮುಖಗಳನ್ನು ನೋಡಿಕೊಂಡು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ನಗು ಮುಂದೆ ನನ್ನ ಪಾಲಿಗೆ ಬಂದದ್ದು ಕಡಿಮೆ.

ಸ್ಕೂಲಿನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಜರಿ ರುಮಾಲು ಸುತ್ತಿದ್ದ ದೊಡ್ಡಪ್ಪ. ಪರದೆಯ ಸಂದಿಯಿಂದ ಅವರನ್ನು ನೋಡಿ, ಅಡಕತ್ತರಿಯನ್ನು ಎತ್ತಿಕೊಂಡೆ.

ಎರಡನೆಯ ಅಂಕ ಶುರುವಾಯಿತು. ಕೂತೆ, ಅಡಿಕೆ ಕತ್ತರಿಸಿದೆ, ಮಾತಾಡಿದೆ. ಈ ಸಲ ಬಾವಿ ಎನ್ನದೆ ಹೊಳೆ ಎಂದೆ. ನನ್ನ ಮಾತು ಮುಗಿಯಿತು. ಸಾಬರು ಬಾಗಿಲ ಹಿಂದೆಯೇ ಇದ್ದರು. ಅಳುವಿಲ್ಲ, ನಡುಕವಿಲ್ಲ. ಎಲೆ ಹಾಕಿದೀನಿ ಭಾವ, ಊಟ ಮಾಡಿ ಎಂದರು. ಆಮೇಲೆ ಜಗಲಿಯ ಮಾತು.

ಆಗ ನನಗಾದದ್ದನ್ನು ನಾನು ಮರೆಯಲಾರೆ. ಅಷ್ಟು ಹೊತ್ತು ಆ ಮನೆ ನನ್ನ ಕೈಯಲ್ಲಿತ್ತು. ಆ ಮೆಲುದನಿ ಇಡೀ ಅಂಗಳವನ್ನು ಹಿಡಿದಿತ್ತು. ಬೀದಿಗೆ ಕೇಳುವ ಹಾಗೆ ಹೇಳಿ ಎಂದ ಕೂಡಲೇ ಆ ಹಿಡಿತ ತಪ್ಪಿತು. ನಾನು ಆಡಿದ್ದರಲ್ಲಿ ಒಂದು ಮಾತನ್ನೂ ಗಟ್ಟಿಯಾಗಿ ಹೇಳಲು ಸಾಧ್ಯವಿರಲಿಲ್ಲ. ಪಾತ್ರಕ್ಕೆ ಅಲ್ಲಿ ಮಾತು ಬರೆದಿರಲಿಲ್ಲ, ಬರೆದಿದ್ದರೂ ನನ್ನಿಂದ ಹೊರಡುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಮುದುಕಿ, "ಬಾರಪ್ಪ ಜಗ್ಲಿಗೆ, ನಾವೂ ಕೇಳ್ತೀವಿ," ಎಂದಳು. ಜನ ನಗಲಿಲ್ಲ, ಹೂಂ ಎಂದರು. ಸಾಬರು ಎಲೆ ತಂದು ಹಾಸಿದರು. ನಾನು ಹೋಗಿ ಅದರ ಮುಂದೆ ಕೂತೆ. ಪರದೆ ಬಿತ್ತು. ಮೂರನೆಯ ಅಂಕವನ್ನು ಜನ ತಾಳ್ಮೆಯಿಂದ ನೋಡಿದರು. ಕೆಮಿಸ್ಟರ ಕೋಟನ್ನು ಹೊಗಳಿದವರೂ ಇದ್ದರು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ದೊಡ್ಡಪ್ಪ ಒಳಗೆ ಬಂದರು. ನಾನು ಎದ್ದು ನಿಂತೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತೇವವಾಗಿತ್ತು.

"ಬಹಳ ಚೆನ್ನಾಗಿ ಮಾಡಿದೆ ಮರಿ," ಎಂದರು, ಅದೇ ಮೆತ್ತನೆಯ ದನಿಯಲ್ಲಿ. "ಇರ್ತಾರಪ್ಪ ಲೋಕದಲ್ಲಿ ಅಂಥೋರು. ನಮ್ಮ ಹಿಂದಿನ ಬೀದೀಲೇ ಒಬ್ಬ ಇದಾನೆ. ಅವನಿಗೆ ಇದನ್ನ ತೋರಿಸಬೇಕಾಗಿತ್ತು."

ನಾನು ಅವರ ಮುಖವನ್ನೇ ನೋಡಿದೆ. ಅದರಲ್ಲಿ ನಾಟಕವಿರಲಿಲ್ಲ. ನಿಜವಾಗಿಯೂ ಹಿಂದಿನ ಬೀದಿಯವನನ್ನೇ ನೆನೆಯುತ್ತಿದ್ದರು. ನಮಸ್ಕಾರ ಮಾಡಿದೆ. ತಲೆ ಸವರಿ, ನಿನ್ನ ತಾಯಿಯನ್ನು ಕೇಳಿದೆನೆಂದು ಹೇಳು ಎಂದು ಹೊರಟುಹೋದರು.

ಅಮ್ಮನಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ, "ಪಾಪ, ಅವರ ದನಿ ಅವರಿಗೆ ಯಾವತ್ತೂ ಕೇಳಿಸಿಯೇ ಇಲ್ಲ ಕಣೋ," ಎಂದಳು. ದೊಡ್ಡಪ್ಪನ ಮೇಲೆ ನನಗಿದ್ದ ಸಿಟ್ಟು ಅಂದು ಎಲ್ಲಿಗೆ ಹೋಯಿತೋ ತಿಳಿಯದು. ಅವರು ತೀರಿಕೊಂಡಾಗ ಅಮ್ಮನೂ ನಾನೂ ಮಳವಳ್ಳಿಗೆ ಹೋಗಿ ಎಲ್ಲವನ್ನೂ ಮನೆಯವರಾಗಿ ನಿಂತು ನಡೆಸಿಕೊಟ್ಟು ಬಂದೆವು.

ತಂಡ ಹೆಚ್ಚು ಕಾಲ ಉಳಿಯಲಿಲ್ಲ. ವಕೀಲರು ಮುನ್ಸೀಫರಾಗಿ ಬೇರೆ ಸೀಮೆಗೆ ಹೋದರು. ಕೆಮಿಸ್ಟರು ಮದುವೆಯಾಗಿ ಭಾನುವಾರಗಳನ್ನು ಮನೆಗೆ ಕೊಟ್ಟರು. ಸಾಬರು ಮತ್ತೆ ಮೀಸೆ ಬಿಟ್ಟರು. ಶಾಲೆ ಬಿಟ್ಟ ಮೇಲೆ ನಾನು ಅವರ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂರುವುದು ಮಾತ್ರ ನಾನು ರಿಟೈರಾಗುವವರೆಗೂ ತಪ್ಪಲಿಲ್ಲ. ಟ್ಯೂಬಿಗೆ ತೇಪೆ ಹಾಕುತ್ತ ಅವರು ಒಮ್ಮೊಮ್ಮೆ ಗಿರಾಕಿಗಳ ಎದುರಿಗೇ ಭಾವ ಎಂದು ನನ್ನನ್ನು ಕರೆದುಬಿಡುತ್ತಿದ್ದರು. ಮೇಷ್ಟರೂ ಸಾಬರೂ ಯಾವ ಸಂಬಂಧದಲ್ಲಿ ಭಾವನೆಂಟರು ಎಂದು ಗಿರಾಕಿಗಳು ತಲೆ ಕೆರೆದುಕೊಳ್ಳುತ್ತಿದ್ದರು.

ಬಹಳ ವರ್ಷಗಳ ಮೇಲೆ, ಅಮ್ಮನೂ ಹೋದ ಮೇಲೆ, ಮೈಸೂರಿನಲ್ಲಿ ವಕೀಲರನ್ನು ಹುಡುಕಿಕೊಂಡು ಹೋದೆ. ಹಲ್ಲೆಲ್ಲ ಬಿದ್ದಿದ್ದವು, ನೆನಪು ಅಲ್ಲಲ್ಲಿ ತುಂಡಾಗಿತ್ತು. ನಾಟಕದ ಮಾತು ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆ ಎರಡನೆಯ ಅಂಕದ ಕೊನೆಯ ಮಾತು ನನಗೆ ಒಂದು ಬೆಳಗಿನ ಜಾವ ಇದ್ದಕ್ಕಿದ್ದ ಹಾಗೆ ಹೊಳೆಯಿತು ಕಣ್ರೀ, ದೀಪ ಹಚ್ಚಿ ಬರೆದುಕೊಂಡೆ, ಜೀವಮಾನದಲ್ಲಿ ಬರೆದದ್ದರಲ್ಲೆಲ್ಲ ಉಳಿಯುವಂಥದ್ದು ಅದೊಂದೇ ಮಾತು ಎಂದರು. ಅಮ್ಮನ ಆ ಜಗಲಿಯ ಮಾತನ್ನು ಅಕ್ಷರ ತಪ್ಪದೆ ಹೇಳಿಯೂ ತೋರಿಸಿದರು.

ಬಹಳ ಒಳ್ಳೆಯ ಮಾತು ಸಾರ್ ಎಂದೆ ನಾನು. ಅವರ ಮುಖದಲ್ಲಿ ಕಂಡ ಸಂತೋಷ ನಿಜವಾದದ್ದಾಗಿತ್ತು. ಅವರ ಸೊಸೆ ಉಪ್ಪಿಟ್ಟು ತಂದುಕೊಟ್ಟಳು. ಬಿಸಿಯಾಗಿತ್ತು, ಇಬ್ಬರೂ ತಿಂದೆವು.